ಮಹಾಸಭೆಯ ನೋಟಿಸುಗಳಿಗೆ ಒಂದು ಸ್ಕ್ರಿಪ್ಟ್: ನನ್ನ ಅನುಭವ

ನಾನು ಕಚೇರಿ ಕೆಲಸ ನೋಡಿಕೊಳ್ಳುವ ಸಹಕಾರ ಸಂಘದಿಂದ ಪ್ರತಿ ವರ್ಷ ವಾರ್ಷಿಕ ಮಹಾಸಭೆಗೆ ಮೊದಲು ಎಲ್ಲ ಸದಸ್ಯರಿಗೂ ಅವರವರ ಹೆಸರು, ವಿಳಾಸ, ಷೇರು ಮೊತ್ತ ನಮೂದಿಸಿದ ನೋಟಿಸು ಹೋಗಬೇಕು. ಇದಕ್ಕೆ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲೇ ಮೇಲ್ ಮರ್ಜ್ (ಒಂದೇ ಮಾದರಿ ಪತ್ರಕ್ಕೆ ಪಟ್ಟಿಯ ಹೆಸರು, ವಿಳಾಸಗಳನ್ನು ತುಂಬುವ) ಸೌಲಭ್ಯವಿದೆಯಾದರೂ, ಸದಸ್ಯರ ಪಟ್ಟಿ ಕೊನೆಯ ಗಳಿಗೆಯವರೆಗೂ ತಿದ್ದುಪಡಿಯಾಗುತ್ತಲೇ ಇರುವುದರಿಂದ, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆದು ಕೊಡುವ ಕಿಟಕಿಯಲ್ಲಿ) ಒಂದೇ ಆದೇಶ ಕೊಟ್ಟು ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸುವ ಏರ್ಪಾಡನ್ನು, ಅಂದರೆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಒಂದು ಸ್ಕ್ರಿಪ್ಟನ್ನು, ಲಿನಕ್ಸ್ ಯಂತ್ರದಲ್ಲಿ ಮಾಡಿಕೊಂಡೆ.

ಮೊದಲ ಹಂತ ಸುಲಭದ್ದು. ಲಿಬ್ರೆಆಫೀಸನ್ನು ಹೆಡ್‌ಲೆಸ್ ಆಯ್ಕೆಯೊಂದಿಗೆ ಚಾಲೂ ಮಾಡಿದರೆ ಪರದೆಯ ಮೇಲೆ ಏನನ್ನೂ ತೆರೆಯದೆ ಸ್ಪ್ರೆಡ್‌ಶೀಟನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಪಠ್ಯವಾಗಿ) ಪರಿವರ್ತಿಸಿಕೊಡುತ್ತದೆ. ಇಲ್ಲಿ 44, 34, 76 ಎಂಬ ಮೂರು ಅಂಕಿಗಳನ್ನು ಪರಿವರ್ತನೆಯ ಬಗೆಯನ್ನು ಸೂಚಿಸುವ ಫಿಲ್ಟರಿನ ಹೆಸರಿನೊಡನೆ ಕೊಡುವುದು ಮುಖ್ಯ. ಅವು ಕ್ರಮವಾಗಿ ಕಾಲಂಗಳನ್ನು ಬೇರ್ಪಡಿಸುವ ಅಲ್ಪವಿರಾಮ, ಪಠ್ಯವನ್ನು ಸುತ್ತುವರಿಯುವ ಜೋಡಿ ಉದ್ಧರಣ ಚಿಹ್ನೆ ಮತ್ತು ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಸಂಕೇತವನ್ನು ಸೂಚಿಸುತ್ತವೆ. ನಮ್ಮ ಪಟ್ಟಿಯ ಹಳೆಯ ಸಾಲುಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಲಾಗಿತ್ತು. ಪರದೆಯ ಮೇಲೆ ಅವು ಕನ್ನಡವಾಗಿಯೇ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಆದ್ದರಿಂದ ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಸಂಕೇತ ಕೊಡುವ ಯೂನಿಕೋಡಿನ ಕನ್ನಡ ವಿಭಾಗದ ಒಂದಕ್ಷರವೂ ಇಲ್ಲದ ಹೆಸರು ಸಿಕ್ಕರೆ ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು ಆ ಸಾಲನ್ನು ಬೇರೆ ಕಡತಕ್ಕೆ ಎತ್ತಿಡುತ್ತದೆ. ಅದನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿದ ಮೇಲಷ್ಟೇ ಪಟ್ಟಿಗೆ ಸೇರಿಸುತ್ತೇನೆ.

ನೋಟಿಸಿನ ಮಾದರಿಯನ್ನು ಫ್ಲಾಟ್ ಓಡಿಟಿ ರೂಪದಲ್ಲಿ ಉಳಿಸಿಕೊಂಡದ್ದು ಇಡೀ ಏರ್ಪಾಡಿನಲ್ಲಿ ನನಗೆ ಅತಿ ಹೆಚ್ಚು ಉಪಕಾರವಾದ ನಿರ್ಧಾರ. ಲಿಬ್ರೆಆಫೀಸಿನ ಬರಹಗಳು ಉಳಿಯುವ ಸಾಮಾನ್ಯ ಓಡಿಟಿ ಕಡತ, ಹಲವು ಕಡತಗಳನ್ನು ಕುಗ್ಗಿಸಿ ಕಟ್ಟಿದ ಒಂದು ಜಿಪ್ ಗಂಟು. ಫ್ಲಾಟ್ ರೂಪವಾದರೋ ಒಂದೇ ಎಕ್ಸ್‌ಎಂಎಲ್ (ಟ್ಯಾಗುಗಳ ನಡುವೆ ಬರೆದ) ಪಠ್ಯವಾದ್ದರಿಂದ @@ಹೆಸರು@@ ಎಂದು ಬರೆದ ಜಾಗದಲ್ಲಿ ಸದಸ್ಯರ ಹೆಸರನ್ನು ನೇರವಾಗಿ ತುಂಬಬಹುದು. ಆದರೆ ಲಿಬ್ರೆಆಫೀಸಿನ ಬರಹದ ಭಾಗವಾದ ರೈಟರ್‌ನಲ್ಲಿ ಆ ಗುರುತನ್ನು ಆಮೇಲೆ ತಿದ್ದಿದರೆ, ಆವೃತ್ತಿಗಳ ಹೋಲಿಕೆಗೆಂದು ತಂತ್ರಾಂಶವು ಇಡುವ ಯಾದೃಚ್ಛಿಕ ಸಂಖ್ಯೆಗಳ ದೆಸೆಯಿಂದ ಅದು ಒಳಗೊಳಗೇ ಎರಡು ತುಂಡಾಗುತ್ತದೆ. ಪರದೆಯ ಮೇಲೆ ಅಖಂಡವಾಗಿ ಕಾಣುವ ಗುರುತು ಸ್ಕ್ರಿಪ್ಟಿಗೆ ಸಿಗುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಸಂಖ್ಯೆಗಳನ್ನು ನಿಲ್ಲಿಸಿದ್ದೇನೆ. ಜೊತೆಗೆ, ಎಲ್ಲ ಗುರುತುಗಳೂ ಇಡಿಯಾಗಿವೆಯೇ ಎಂದು ಸ್ಕ್ರಿಪ್ಟು ಮೊದಲು ಗ್ರೆಪ್ ಎಂಬ ಪಠ್ಯ ಹುಡುಕುವ ಆದೇಶದಿಂದ ನೋಡಿಕೊಳ್ಳುತ್ತದೆ. ಅಂಗಡಿಯ ಹೆಸರಿನಲ್ಲಿ ಸದಸ್ಯರಾದವರ ‘& ಸನ್ಸ್’ ಎಂಬಂಥ ಹೆಸರುಗಳು ಎಕ್ಸ್‌ಎಂಎಲ್‌ನ ವ್ಯಾಕರಣವನ್ನೇ ಕೆಡಿಸುವುದರಿಂದ ಆ ಚಿಹ್ನೆಯನ್ನು ತುಂಬುವ ಮೊದಲೇ ಮಾರ್ಪಡಿಸಬೇಕು.

ಫಾಂಟಿನ ವಿಷಯದಲ್ಲಿ ಕನ್ನಡಿಗರು ತಿಳಿದಿರಬೇಕಾದದ್ದೊಂದಿದೆ. ಲಿಬ್ರೆಆಫೀಸು ಯೂನಿಕೋಡ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಪಾಶ್ಚಾತ್ಯ ಲಿಪಿಗೆಂದು ಆರಿಸಿದ ಫಾಂಟು, ಗಾತ್ರ, ದಪ್ಪ ಯಾವುದೂ ಕನ್ನಡಕ್ಕೆ ಅನ್ವಯಿಸುವುದಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಗಾತ್ರ ಬದಲಿಸಿದರೂ ನೋಟಿಸು ಹಾಗೇ ಉಳಿದಿದೆಯೆಂದರೆ ಕಾರಣ ಬಹುಮಟ್ಟಿಗೆ ಇದೇ.

ತುಂಬಿದ ಕಡತಗಳನ್ನು ಪಿಡಿಎಫ್ ಮಾಡುವಾಗ ಒಂದೊಂದಕ್ಕೂ ಲಿಬ್ರೆಆಫೀಸನ್ನು ಹೊಸದಾಗಿ ಎಬ್ಬಿಸುವ ಬದಲು ಹತ್ತಾರು ಕಡತಗಳನ್ನು ಒಟ್ಟಿಗೆ ಕೊಟ್ಟರೆ ಸಮಯ ಬಹಳ ಉಳಿಯುತ್ತದೆ. ಅದೇ ಯಂತ್ರದಲ್ಲಿ ಯಾರಾದರೂ ಲಿಬ್ರೆಆಫೀಸು ತೆರೆದಿಟ್ಟಿದ್ದರೆ ಪರಿವರ್ತನೆ ಸದ್ದಿಲ್ಲದೆ ನಿಂತುಹೋಗಬಹುದಾದ್ದರಿಂದ, ಸ್ಕ್ರಿಪ್ಟಿಗೆ ತನ್ನದೇ ಆದ ಬಳಕೆದಾರ ಪ್ರೊಫೈಲಿನ ಕಡತಕೋಶವನ್ನು ಪ್ರತ್ಯೇಕವಾಗಿ ಸೂಚಿಸಿದ್ದೇನೆ. ಆದೇಶ ಮುಗಿದಾಗ ಯಶಸ್ಸಿನ ಸೂಚನೆಯಾಗಿ ಬರುವ ಸೊನ್ನೆಯನ್ನು ನಂಬಿ ಕೂರುವಂತಿಲ್ಲ. ಪಿಡಿಎಫ್ ಕಡತ ನಿಜಕ್ಕೂ ಹುಟ್ಟಿದೆಯೇ, ಅದು ಮೂಲಕ್ಕಿಂತ ಹೊಸದೇ ಎಂಬುದೊಂದೇ ನನ್ನ ಪಾಲಿಗೆ ಪುರಾವೆ. ಪರಿವರ್ತನೆ ಎಲ್ಲಾದರೂ ಸಿಕ್ಕಿಕೊಂಡರೆ ನಿಗದಿತ ಅವಧಿಯ ನಂತರ ಅದನ್ನು ಕೊಲ್ಲುವ ಹೊಣೆಯನ್ನು ಟೈಮ್‌ಔಟ್ ಆದೇಶಕ್ಕೆ ವಹಿಸಿದ್ದೇನೆ.

ಆಮೇಲೆ ಪಿಡಿಎಫ್‌ಫಾಂಟ್ಸ್ ಆದೇಶವು ‘ನೋಟೋ ಸೆರಿಫ್ ಕನ್ನಡ’ ಫಾಂಟು ಪಿಡಿಎಫ್ ಕಡತದೊಳಗೆ ಅಡಕವಾಗಿದೆಯೇ ಎಂದು ತಿಳಿಸುತ್ತದೆ. ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಲಿಬ್ರೆಆಫೀಸು ಹೇಳದೆ ಕೇಳದೆ ಬೇರೊಂದನ್ನು ಬಳಸಿಬಿಡುತ್ತದೆ. ಕೊನೆಗೆ ಪಿಡಿಎಫ್‌ಇನ್ಫೋ ಪುಟಗಳ ಸಂಖ್ಯೆ ಕೊಡುತ್ತದೆ. ನೋಟಿಸು ಒಂದೇ ಪುಟದ್ದಾಗಿರಬೇಕು. ಎರಡಕ್ಕೆ ಹರಿದವುಗಳ ಸದಸ್ಯತ್ವ ಸಂಖ್ಯೆಗಳು ಪ್ರತ್ಯೇಕ ಪಟ್ಟಿಯಲ್ಲಿ ಬರುತ್ತವೆ. ಅವು ಹೆಚ್ಚಾಗಿ ಅಂಚೆ, ಹೋಬಳಿ, ತಾಲ್ಲೂಕುಗಳನ್ನೆಲ್ಲ ಹೊತ್ತ ಉದ್ದನೆಯ ವಿಳಾಸಗಳು. ಅವುಗಳ ಸಾಲುಗಳನ್ನು ಸ್ಪ್ರೆಡ್‌ಶೀಟಿನಲ್ಲೇ ಸರಿಪಡಿಸಿ ಆದೇಶವನ್ನು ಮತ್ತೊಮ್ಮೆ ಓಡಿಸುತ್ತೇನೆ.