ಟವರ್ ಹೋಯ್ತು ಅಂತ ಸುಮ್ಮನೆ ಕೂರಬೇಡಿ

ಮೊನ್ನೆ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಹರಾಜು ನಡೀತಿರುವಾಗಲೇ ನಮ್ಮ ಚಿಕ್ಕಪ್ಪನಿಗೆ ಫೋನ್ ಬಂತು. "ಸಾರ್, ಕೊರಿಯರ್ ಬಂದಿದೆ, ಅಡ್ರೆಸ್ ಸಿಗ್ತಿಲ್ಲ. ಸ್ಟಾರ್ 401 ಸ್ಟಾರ್ ಒತ್ತಿ ನಮ್ಮ ಹುಡುಗನ ನಂಬರ್ ಹಾಕಿ." ಆ ಗಲಾಟೆಯಲ್ಲಿ ಒತ್ತಿಯೇಬಿಟ್ಟರು. ಅದು ನಮಗೆ ಬರೋ ಕರೆಗಳನ್ನೆಲ್ಲ ಬೇರೆ ನಂಬರಿಗೆ ತಿರುಗಿಸುವ ಕೋಡ್! ಆಮೇಲೆ ಕಳ್ಳ ವಾಟ್ಸಾಪ್ ಒಟಿಪಿಯನ್ನು ಕರೆಯಲ್ಲೇ ಕೇಳಿಸಿಕೊಳ್ಳುತ್ತಾನೆ. ಪುಣ್ಯಕ್ಕೆ ಪಕ್ಕದಲ್ಲಿದ್ದ ಮಗಳು ##002# ಒತ್ತಿ ಎಲ್ಲ ಫಾರ್ವರ್ಡ್ ತೆಗೆದಳು. ನೀವೂ ಈಗಲೇ *#21# ಒತ್ತಿ ನೋಡಿ, ನಿಮ್ಮ ಕರೆ ಎಲ್ಲಿಗಾದರೂ ಹೋಗ್ತಿದೆಯಾ ಗೊತ್ತಾಗುತ್ತೆ.

ಇದಕ್ಕಿಂತ ಕೆಟ್ಟದ್ದು ಸಿಮ್ ಸ್ವಾಪ್, ಅಂದ್ರೆ ನಿಮ್ಮ ನಂಬರಿಗೆ ಕಳ್ಳ ತಾನೇ ಬೇರೆ ಸಿಮ್ ತಗೊಳ್ಳೋದು. ಪಕ್ಕದವರ ಅದೇ ಕಂಪನಿ ಸಿಮ್ಮಿಗೆ ಟವರ್ ಇದೆ, ನಿಮ್ಮದಕ್ಕೆ ಮಾತ್ರ ಇಲ್ಲವೇ ಇಲ್ಲ ಅಂದ್ರೆ ಒಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ರೆ ನಿಮ್ಮ ನಂಬರಿಗೆ ಯಾರೋ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರೋ ಸಿಮ್) ತಗೊಂಡಿರಬಹುದು. ಸಂಜೆವರೆಗೆ ಕಾಯಬೇಡಿ, ಬೇರೆ ಫೋನಿಂದ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಬ್ಯಾಂಕಿಗೂ ಹೇಳಿ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಛತ್ರಿ ಹಾಕ್ಕೊಂಡು ಸಿಮ್ ಮಾರೋರ ಹತ್ರ "ಬೆರಳು ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ಸಲ ಇಡಿ" ಅಂದ್ರೆ ನನಗಂತೂ ಅನುಮಾನ. ಎರಡನೇ ಸಲದ್ದು ಇನ್ನೊಂದು ಸಿಮ್ಮಿಗೆ ಇರಬಹುದು. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ಕಾಣುತ್ತೆ, ನಿಮ್ಮದಲ್ಲದ್ದರ ಬಗ್ಗೆ ಅಲ್ಲೇ ದೂರು ಕೊಡಬಹುದು. ಅಪ್ಪ ಅಮ್ಮನ ಫೋನಲ್ಲಿ ನೀವೇ ಕೂತು ನೋಡಿಕೊಡಿ.