ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ಯಾಕೆ ಅಂತ ಮೊದಲು ನೋಡಿ

ವಾಲ್ವ್ ರೇಡಿಯೋ ಆನ್ ಮಾಡಿದರೆ ಡಯಲ್ ಲೈಟ್ ಹತ್ತುತ್ತದೆ, ವಾಲ್ವ್‌ಗಳು ಬಿಸಿಯಾಗುತ್ತವೆ, ಸ್ಪೀಕರಿನಲ್ಲಿ ಮಾತ್ರ ಒಂದು ಗೊರಗೊರ ಸದ್ದೂ ಇಲ್ಲ. ಇಂಥ ಸೆಟ್ ಕೈಗೆ ಬಂದರೆ ನನಗೆ ಮೊದಲ ಅನುಮಾನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ, ಅಂದರೆ ಕೊನೆಯ ವಾಲ್ವಿನ ಸಿಗ್ನಲ್ಲನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಟ್ರಾನ್ಸ್‌ಫಾರ್ಮರ್ ಮೇಲೆ. ತೀರ್ಥಹಳ್ಳಿಯ ನಮ್ಮ ಭಾವನ ಮನೆಯಿಂದ ಬಂದ 1960ರ ದಶಕದ ಸೆಟ್ಟೂ ಹಾಗೇ ಇತ್ತು. ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80. ಆ ಕಾಲದ ಮಾಮೂಲಿ ಐದು ವಾಲ್ವ್ ಜೋಡಣೆ. ಇದರಲ್ಲಿ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಇಎಲ್84.

ಕರೆಂಟ್ ಕೊಡುವ ಮೊದಲೇ ಮಲ್ಟಿಮೀಟರ್ ಹಿಡಿದೆ. ಇಎಲ್84ರ 7ನೇ ಪಿನ್ ಆನೋಡ್, ಅಂದರೆ ವಾಲ್ವಿನ ಪ್ಲಸ್ ತುದಿ. ಅಲ್ಲಿಂದ ಹೈ ವೋಲ್ಟೇಜ್ ಲೈನಿಗೆ ಕೆಲವು ನೂರು ಓಮ್ ತೋರಿಸಬೇಕು. ಇಲ್ಲಿ ಏನೂ ತೋರಿಸಲಿಲ್ಲ. ನಡುವೆ ಇರುವ ಪ್ರೈಮರಿ, ಅಂದರೆ ಟ್ರಾನ್ಸ್‌ಫಾರ್ಮರಿನ ವಾಲ್ವ್ ಕಡೆಯ ಸುರುಳಿ, ಕಡಿದಿತ್ತು. ಕೂದಲಿನಷ್ಟು ತೆಳ್ಳಗಿನ ತಂತಿ, ಅದರಲ್ಲಿ ಸದಾ 250 ವೋಲ್ಟಿನ ಆಸುಪಾಸು, ಜೊತೆಗೆ ಮಲೆನಾಡಿನ ಮಳೆಗಾಲದ ತೇವ. ತಾಮ್ರ ಹಸಿರು ಹಿಡಿದು ಒಂದು ದಿನ ಕಡಿದುಹೋಗುತ್ತದೆ.

ಪ್ರೈಮರಿ ಕಡಿದ ಸೆಟ್ಟನ್ನು ಸುಮ್ನೆ ಆನ್ ಮಾಡಿ ಇಡಬೇಡಿ. ಆನೋಡಿಗೆ ವೋಲ್ಟೇಜ್ ಇಲ್ಲದಿದ್ದರೆ ಆ ಕೆಲಸವೆಲ್ಲ ವಾಲ್ವಿನೊಳಗಿನ ಇನ್ನೊಂದು ಪ್ಲಸ್ ಜಾಲರಿಯಾದ ಸ್ಕ್ರೀನ್ ಗ್ರಿಡ್ ಮೇಲೆ ಬಿದ್ದು, ಅದು ಕೆಂಪಗೆ ಕಾದು ವಾಲ್ವೇ ಹೋಗಬಹುದು. "ಸ್ವಲ್ಪ ಹೊತ್ತು ಬಿಟ್ಟರೆ ದನಿ ಬರಬಹುದು ಅಂತ ಕಾದೆ" ಅಂದರು ಭಾವ. ಎಷ್ಟು ಹೊತ್ತು ಅಂತ ನಾನು ಕೇಳಲಿಲ್ಲ.

ಆದರೆ ತೇವವೊಂದೇ ಕಾರಣ ಅಂತ ನಂಬಿ ಹೊಸದು ಹಾಕುವವನಲ್ಲ ನಾನು. ಇಎಲ್84 ಕಿತ್ತಿಟ್ಟು, ಶಾರ್ಟ್ ಇದ್ದರೆ ತಡೆಯಲಿ ಅಂತ 60 ವಾಟಿನ ಸೀರೀಸ್ ಬಲ್ಬ್ ಮೂಲಕ ಕರೆಂಟ್ ಕೊಟ್ಟೆ. ಖಾಲಿ ಸಾಕೆಟ್ಟಿನ 2ನೇ ಪಿನ್ ಅಳೆದೆ. ಅದು ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್, ಸೊನ್ನೆ ಇರಬೇಕು. ಮೀಟರ್ ತೋರಿಸಿದ್ದು ಪ್ಲಸ್ 6 ವೋಲ್ಟ್. ಹಿಂದಿನ ವಾಲ್ವಿನಿಂದ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಹಳೆಯ ಮೇಣದ ಕಾಗದದ ಕೆಪಾಸಿಟರ್‌ಗಳ ಹಣೆಬರಹವೇ ಇಷ್ಟು. ಗ್ರಿಡ್ ಪಾಸಿಟಿವ್ ಆದರೆ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಅದೆಲ್ಲ ಪ್ರೈಮರಿ ತಂತಿಯಲ್ಲೇ ಹರಿಯಬೇಕು. ಕೆಲವೇ ರೂಪಾಯಿಯ ಈ ಕೆಪಾಸಿಟರ್ ಬದಲಿಸದೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದೂ ಸುಡುತ್ತದೆ ಅಷ್ಟೆ. 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿದೆ. ಪ್ರೈಮರಿಗೆ ಅಡ್ಡಲಾಗಿದ್ದ ಟೋನ್ ಕೆಪಾಸಿಟರನ್ನೂ ಬದಲಿಸಿದೆ.

ಇನ್ನು ಟ್ರಾನ್ಸ್‌ಫಾರ್ಮರ್. ಮೈಕ್‌ಸೆಟ್ ಅಂಗಡಿಯಲ್ಲಿ ಸಿಗುವ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಹಾಕಿ ಅನ್ನುವವರಿದ್ದಾರೆ. ಲೆಕ್ಕ ಸರಿ: ಅದರ 2 ವಾಟ್ ಟ್ಯಾಪ್ ಅಂದರೆ 5,000 ಓಮ್, ಇಎಲ್84ಗೆ ಬೇಕಾದ್ದಕ್ಕೆ ಹತ್ತಿರ. ವಾರ್ತೆ ಕೇಳೋಕೆ ಸಾಕು. ಹಾಡಿನಲ್ಲಿ ಮೃದಂಗದ ಎಡಗೈ ಪೂರ್ತಿ ಮಾಯ. ಒಂಟಿ ಔಟ್‌ಪುಟ್ ವಾಲ್ವಿನ ಡಿಸಿ ಕರೆಂಟ್ ಸದಾ ಒಂದೇ ದಿಕ್ಕಿಗೆ ಹರಿದು ಕೋರ್, ಅಂದರೆ ನಡುವಿನ ಕಬ್ಬಿಣ, ಕಾಂತತ್ವದಿಂದ ತುಂಬಿಹೋಗುತ್ತದೆ. ಅದನ್ನು ತಡೆಯೋಕೆ ಕೋರಿನಲ್ಲಿ ಸಣ್ಣ ಸಂದು ಬಿಡಬೇಕು, ಮೈಕ್‌ಸೆಟ್ಟಿನದಕ್ಕೆ ಅದು ಇರುವುದಿಲ್ಲ.

ಹಾಗಾಗಿ ಹಳೆಯ ಕೋರಿಗೇ ಮತ್ತೆ ಸುತ್ತಿಸಿದೆ. ಇಎಲ್84ಗೆ ಬೇಕಾದ ಲೋಡ್ 5,200 ಓಮ್, ಸ್ಪೀಕರ್ 4 ಓಮ್. ಭಾಗಿಸಿದರೆ 1,300, ಅದರ ವರ್ಗಮೂಲ 36. ಸ್ಪೀಕರ್ ಕಡೆಯ ಸುರುಳಿಯಾದ ಸೆಕೆಂಡರಿಯನ್ನು ಬಿಚ್ಚುತ್ತಾ ಎಣಿಸಿದೆ, 78 ಸುತ್ತು. ಅಂದರೆ ಪ್ರೈಮರಿ ಅದರ 36 ಪಟ್ಟು, ಸುಮಾರು 2,800 ಸುತ್ತು. 40 ಗೇಜ್ ತಂತಿ.

ವೈಂಡಿಂಗ್ ಅಂಗಡಿಯವರ ಕೈ ಚೆನ್ನಾಗಿದೆ. ಪದರ ಪದರಕ್ಕೂ ಕಾಗದ ಹಾಕಿ, ಒಂದು ಸುತ್ತೂ ಇನ್ನೊಂದರ ಮೇಲೆ ಹತ್ತದ ಹಾಗೆ ಸುತ್ತಿದರು. ಇಂಗ್ಲಿಷಿನ 'ಇ', 'ಐ' ಅಕ್ಷರದ ಆಕಾರದ ಕೋರಿನ ಪತ್ರೆ ಜೋಡಿಸುವಾಗ ಮಾತ್ರ ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಹಾಕತೊಡಗಿದರು.

"ಅಣ್ಣ, ಹಾಗಲ್ಲ. 'ಇ' ಪತ್ರೆಯೆಲ್ಲ ಒಂದೇ ಕಡೆ, 'ಐ' ಪತ್ರೆಯೆಲ್ಲ ಇನ್ನೊಂದು ಕಡೆ. ನಡುವೆ ಒಂದು ಹಾಳೆ ಕಾಗದ."

"ಹಂಗೆ ಮಾಡಿದ್ರೆ ಪವರ್ ಕಮ್ಮಿ ಆಗತ್ತಲ್ಲ ಸಾರ್?"

ಮನೆಯ ಕರೆಂಟಿನ ಟ್ರಾನ್ಸ್‌ಫಾರ್ಮರಿಗೆ ಅವರ ಮಾತು ಸರಿ. ಇದಕ್ಕೆ ಆ ಸಂದು ಬೇಕೇಬೇಕು. ಬಿಲ್ ಬುಕ್ಕಿನದೇ ಒಂದು ಹಾಳೆ ಹರಿದು ಇಟ್ಟರು. ಸುಮಾರು 0.1 ಮಿಲಿಮೀಟರ್, ಅಳತೆಗೆ ಸರಿಯಾಯಿತು. ಆಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿಕೊಟ್ಟರು.

ಸೆಟ್ಟಿಗೆ ಕೂರಿಸುವ ಮೊದಲು ಪ್ರೈಮರಿಗೆ 12 ವೋಲ್ಟ್ ಎಸಿ ಕೊಟ್ಟೆ. ಸೆಕೆಂಡರಿಯಲ್ಲಿ 0.33 ಬಂತು, ಅಂದರೆ 36ರ ಲೆಕ್ಕ ಕೂಡಿತು. ಇದನ್ನು ತಿರುಗಿಸಿ ಮಾಡಬೇಡಿ. ಸೆಕೆಂಡರಿಗೆ ಹೀಟರಿನ 6.3 ವೋಲ್ಟ್ ಕೊಟ್ಟರೂ ಆ ಕಡೆ 220ರ ಮೇಲೆ ಬರುತ್ತದೆ, ಕೈ ಇಟ್ಟರೆ ಮುಗೀತು. ಬೆಸುಗೆಗೆ ಮುಂಚೆ, ಆಫ್ ಮಾಡಿದ ಮೇಲೂ ಹೈ ವೋಲ್ಟೇಜ್ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡುವುದನ್ನೂ ಮರೆಯಬಾರದು.

ವಾಲ್ವ್ ಹಾಕಿ, ಬಲ್ಬ್ ಮೂಲಕವೇ ಆನ್ ಮಾಡಿದೆ. ತಕ್ಷಣ ಕಿವಿ ಕೊರೆಯುವ ಕೂಗು. ಇದನ್ನು ನಿರೀಕ್ಷಿಸಿದ್ದೆ. ಈ ಸೆಟ್ಟಿನಲ್ಲಿ ಸೆಕೆಂಡರಿಯ ಸಿಗ್ನಲ್ ಸ್ವಲ್ಪ ಹಿಂದಿನ ಹಂತಕ್ಕೆ ಮರಳುವ ಫೀಡ್‌ಬ್ಯಾಕ್ ಇದೆ, ಹೊಸ ಸುತ್ತಿನ ದಿಕ್ಕು ಅದಕ್ಕೆ ಉಲ್ಟಾ ಆಗಿತ್ತು. ಸೆಕೆಂಡರಿಯ ಎರಡು ತಂತಿ ಅದಲುಬದಲು ಮಾಡಿದ ಕೂಡಲೇ ನಿಂತಿತು. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು ಅಳೆದೆ. ಇಎಲ್84ರ ಮೈನಸ್ ತುದಿಯಾದ ಕ್ಯಾಥೋಡಿನ 135 ಓಮ್ ರೆಸಿಸ್ಟರ್ ಮೇಲೆ 7.1 ವೋಲ್ಟ್, ಪ್ರೈಮರಿಯಲ್ಲಿ ಇಳಿಯುವುದು 21 ವೋಲ್ಟ್, ಎರಡೂ ಸರಿಯಾಗೇ ಇವೆ. ಭಾವ ಅಷ್ಟು ಕಾಯಿಸಿದರೂ ವಾಲ್ವ್ ಉಳಿದುಕೊಂಡಿದೆ! ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್, ಎಡಗೈ ಸಮೇತ ಕೇಳಿತು.

ಕೊನೆಗೆ ಮಾಡಿದ ಕೆಲಸ: ಸ್ಪೀಕರಿಗೆ ಪ್ಲಗ್ ಇತ್ತು, ಅದನ್ನು ಕಿತ್ತು ನೇರವಾಗಿ ಬೆಸೆದೆ. ಸೆಟ್ ಜೋರಾಗಿ ಹಾಡುವಾಗ ಸ್ಪೀಕರ್ ಕಳಚಿದರೆ ಪ್ರೈಮರಿಯಲ್ಲಿ ವೋಲ್ಟೇಜ್ ಜಿಗಿದು ಒಳಗೇ ಕಿಡಿ ಹಾರುತ್ತದೆ. ಭಾವನ ಮನೆಯಲ್ಲಿ ಮೊಮ್ಮಕ್ಕಳ ಕಾಟ ಬೇರೆ ಜಾಸ್ತಿ.