ಇತಿಹಾಸ ಬಲ್ಲವರನ್ನು ಕೇಳುವುದು ಹೇಗೆ?

‘ರೋಮನ್ನರು ಹೇಗೆ ಬದುಕುತ್ತಿದ್ದರು?’ ಹೀಗೆ ಕೇಳಿದರೆ ಇತಿಹಾಸ ತಜ್ಞರು ಎಲ್ಲಿಂದ ಶುರು ಮಾಡಬೇಕು? ಯಾವ ಶತಮಾನದ ರೋಮನ್ನರು? ಅರಮನೆಯವರೋ, ಗುಲಾಮರೋ?

ಹಾಗಾಗಿ ಮೊದಲು ಕಾಲ, ಊರು, ಜನ ಈ ಮೂರನ್ನೂ ಗೊತ್ತು ಮಾಡಿಕೊಳ್ಳಿ. ‘ಕ್ರಿ.ಶ. 79ರ ಹೊತ್ತಿಗೆ ಪಾಂಪೇಯಲ್ಲಿ ಅಡುಗೆಮನೆ ಇಲ್ಲದ ಬಡವರು ಊಟಕ್ಕೆ ಏನು ಮಾಡುತ್ತಿದ್ದರು?’ ಎಂದು ಕೇಳಿ ನೋಡಿ. ಪಾಂಪೇ ಇಟಲಿಯ ರೋಮನ್ ಪಟ್ಟಣ, ಆ ವರ್ಷ ಪಕ್ಕದ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಳುಗಿತು. ಹೀಗೆ ಕೇಳಿದರೆ ಬೀದಿ ಬದಿಯ ಅಂಗಡಿಗಳು, ಅಲ್ಲಿನ ಕಲ್ಲುಕಟ್ಟೆಯಲ್ಲಿ ಹುದುಗಿಸಿಟ್ಟ ದೊಡ್ಡ ಮಡಕೆಗಳು, ಎಲ್ಲ ಮಾತಿಗೆ ಬರುತ್ತವೆ.

ಆಮೇಲೆ, ಪ್ರಶ್ನೆಯೊಳಗೆ ನಿಮ್ಮ ತೀರ್ಪು ಸೇರಿಕೊಂಡಿದೆಯಾ ನೋಡಿಕೊಳ್ಳಿ. ‘ಜ್ವಾಲಾಮುಖಿ ಪಕ್ಕದಲ್ಲಿ ಮನೆ ಕಟ್ಟಿಕೊಳ್ಳುವಷ್ಟು ದಡ್ಡರಾ ಅವರು?’ ಎಂದರೆ ಹೌದು, ಅಲ್ಲ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ವೆಸೂವಿಯಸ್ ಬೆಂಕಿ ಉಗುಳುವ ಬೆಟ್ಟ ಅಂತ ಅವರಿಗೆ ಗೊತ್ತಿತ್ತಾ?’ ಎಂದು ಕೇಳಿ. ತಲೆಮಾರುಗಳಿಂದ ಆ ಬೆಟ್ಟ ತಣ್ಣಗಿತ್ತು. ಅಲ್ಲಿನ ಜನರ ಕಣ್ಣಿನಿಂದ ನೋಡಿದರೆ ಚಿತ್ರವೇ ಬೇರೆ, ಅಲ್ವಾ?

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುವ ಪ್ರಶ್ನೆ: ‘ಇದು ಯಾವುದರಿಂದ ತಿಳಿಯುತ್ತದೆ?’ ಇದನ್ನು ಕೇಳದೆ ಮಾತು ಮುಗಿಸಬೇಡಿ. ಪಾಂಪೇ ಬೂದಿಯಲ್ಲಿ ಮುಳುಗಿದ್ದು ಆಗಸ್ಟ್ 24ರಂದು ಎಂದು ಬಹುಕಾಲ ಪುಸ್ತಕಗಳಲ್ಲಿ ಅಚ್ಚಾಯಿತು. ಅದಕ್ಕೆ ಆಧಾರ ರೋಮನ್ ಲೇಖಕ ಕಿರಿಯ ಪ್ಲಿನಿಯ ಪತ್ರ. ದುರಂತ ನಡೆದಾಗ ಅವನಿಗೆ 17 ವರ್ಷ. ನೇಪಲ್ಸ್ ಕೊಲ್ಲಿಯ ಆಚೆ ಬದಿಯಿಂದ ಅದನ್ನು ಕಂಡಿದ್ದ, ಎಷ್ಟೋ ವರ್ಷಗಳ ಮೇಲೆ ಬರೆದ. ಅವನ ಕೈಬರಹ ಉಳಿದಿಲ್ಲ. ನಮಗೆ ಸಿಕ್ಕಿರುವುದು ಪ್ರತಿಯಿಂದ ಪ್ರತಿ ಮಾಡುತ್ತಾ ಬಂದ ಪಠ್ಯ, ಆ ಪ್ರತಿಗಳಲ್ಲಿ ತಾರೀಖು ಒಂದೇ ರೀತಿ ಇಲ್ಲ. 2018ರಲ್ಲಿ ಪಾಂಪೇಯ ಮನೆಯೊಂದರ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದ ಬರಹ ಸಿಕ್ಕಿತು. ಅದರಲ್ಲಿದ್ದ ದಿನ ಅಕ್ಟೋಬರ್ 17ಕ್ಕೆ ಸಮ. ಇಸವಿ ಇಲ್ಲ. ಆದರೆ ಇದ್ದಿಲ ಗೆರೆ ಬೇಗ ಅಳಿಸಿಹೋಗುತ್ತದೆ, ಹಾಗಾಗಿ ಅದು ಅದೇ ವರ್ಷದ್ದಿರಬೇಕು ಎಂಬುದು ಹಲವರ ವಾದ. ಇದನ್ನು ಒಪ್ಪದವರೂ ಇದ್ದಾರೆ. ಬರೀ ‘ಯಾವ ದಿನ?’ ಎಂದು ಕೇಳಿದ್ದರೆ ಒಂದು ತಾರೀಖು ಸಿಗುತ್ತಿತ್ತು, ಅಷ್ಟೇ.

ಕೇಳುವ ಮೊದಲು ಸ್ವಲ್ಪ ಓದಿಕೊಳ್ಳಿ. ‘ಇಷ್ಟು ಓದಿದ್ದೇನೆ, ಈ ಮಾತು ಮಾತ್ರ ತಿಳಿಯಲಿಲ್ಲ’ ಎಂದರೆ ಅವರು ನೇರವಾಗಿ ಅಲ್ಲಿಗೇ ಬರುತ್ತಾರೆ. ಎರಡನೇ ಮಹಾಯುದ್ಧವನ್ನು ಅರೆದು ಕುಡಿದವರಿಗೆ ರೋಮ್ ಗೊತ್ತಿರಬೇಕೆಂದೇನಿಲ್ಲ. ‘ಇದನ್ನು ಯಾರನ್ನು ಕೇಳಲಿ?’ ಎನ್ನುವುದೂ ಒಳ್ಳೆಯ ಪ್ರಶ್ನೆಯೇ. ‘ಹಾಗಾಗದೇ ಹೋಗಿದ್ದರೆ?’ ಎನ್ನುವ ಬದಲು ‘ಆಗ ಅವರ ಮುಂದೆ ಬೇರೆ ಯಾವ ದಾರಿ ಇತ್ತು?’ ಎಂದು ಕೇಳಿ. ಅದಕ್ಕೆ ದಾಖಲೆ ಹುಡುಕಬಹುದು.

ತಜ್ಞರು ‘ಗೊತ್ತಿಲ್ಲ’ ಎಂದರೆ ಸುಮ್ನೆ ಎದ್ದು ಬರಬೇಡಿ. ಬರೆದವರೇ ಇಲ್ಲವೋ, ಬರೆದದ್ದು ಉಳಿದಿಲ್ಲವೋ, ಉಳಿದದ್ದನ್ನು ಇನ್ನೂ ಯಾರೂ ಓದಿಲ್ಲವೋ ಕೇಳಿ. ಪಾಂಪೇಗೆ ಹತ್ತಿರದ ಹರ್ಕ್ಯುಲೇನಿಯಂ ಪಟ್ಟಣದಲ್ಲಿ, ಅದೇ ಜ್ವಾಲಾಮುಖಿಗೆ ಸುಟ್ಟು ಇದ್ದಿಲಾದ ನೂರಾರು ಬರಹದ ಸುರುಳಿಗಳು (ಆ ಕಾಲದ ಪುಸ್ತಕಗಳು) 1750ರ ದಶಕದಲ್ಲಿ ಸಿಕ್ಕವು. ಅವುಗಳಲ್ಲಿ ಎಷ್ಟೋ ಸುರುಳಿಗಳನ್ನು ಇನ್ನೂ ಬಿಚ್ಚಿ ಓದಲಾಗಿಲ್ಲ.